ಇಪ್ಪತ್ತು ಅಡಿಯ ಲೆಕ್ಕ

ಪಂಪ್‌ಸೆಟ್ ಅಂಗಡಿಗೆ ಬರುವ ರೈತರ ಬಾಯಲ್ಲಿ ಮೊದಲು ಬರುವುದು ಎಚ್‌ಪಿ. ‘ಐದು ಎಚ್‌ಪಿದು ಒಂದು ಕೊಡಿ.’ ‘ಪಕ್ಕದ ಹೊಲದೋರು ಏಳೂವರೆ ಹಾಕವ್ರೆ, ನಮ್ಗೆ ಹತ್ತೇ ಇರ್ಲಿ.’ 1980ರ ದಶಕದಲ್ಲಿ ಕೊಳ್ಳೇಗಾಲದ ಅಂಥದೊಂದು ಅಂಗಡಿಗೆ ಕೆಲಸಕ್ಕೆ ಸೇರಿದಾಗ ನನಗೂ ಪಂಪು ಅಂದರೆ ಎಚ್‌ಪಿಯೇ. ಅಲ್ಲಿದ್ದ ಮೇಸ್ತ್ರಿಗೆ ಮಾತ್ರ ಎಚ್‌ಪಿ ಅನ್ನುವ ಮಾತು ಕಿವಿಗೇ ಬೀಳುತ್ತಿರಲಿಲ್ಲ. ಗಿರಾಕಿಯನ್ನು ಕೂರಿಸಿ, ಟೀ ಹೇಳಿ, ತಮ್ಮ ಪ್ರಶ್ನೆ ಶುರು ಮಾಡುತ್ತಿದ್ದರು: ‘ಬಾವಿ ಎಷ್ಟು ಅಡಿ? ನೀರು ಎಷ್ಟು ಅಡಿಗೆ ನಿಂತದೆ? ಬ್ಯಾಸಗೇಲಿ ಎಷ್ಟಕ್ಕೆ ಇಳೀತದೆ? ಅಲ್ಲಿಂದ ಹೊಲದ ತಲೆ ಎಷ್ಟು ಎತ್ತರ?’ ಅರ್ಧ ಜನಕ್ಕೆ ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಅವರಿಗೆ ಅವತ್ತು ಪಂಪೂ ಸಿಗುತ್ತಿರಲಿಲ್ಲ. ಮಾಲೀಕರಿಗೆ ಇದರಿಂದ ಹೊಟ್ಟೆ ಉರಿಯುತ್ತಿತ್ತು, ಆದರೆ ಮೇಸ್ತ್ರಿಯನ್ನು ಬಿಟ್ಟರೆ ಅಂಗಡಿ ನಡೆಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

ಮೇಸ್ತ್ರಿ ಕೆಲಸ ಕಲಿತದ್ದು ಕೊಯಮತ್ತೂರಿನಲ್ಲಿ. ಇಂದಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಇದ್ದದ್ದು ಮದ್ರಾಸಿನವರ ಕೊಯಮತ್ತೂರು ಜಿಲ್ಲೆಯಲ್ಲಿ. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಸೇರಿತ್ತು. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಮೈಸೂರು ಸೀಮೆ. ಗಡಿ ಬದಲಾಯಿತು, ಪಂಪು ಬರುವ ದಾರಿ ಬದಲಾಗಲಿಲ್ಲ. ಕೊಯಮತ್ತೂರಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ಕೇಸಿಂಗು, ಇಂಪೆಲ್ಲರ್, ಮೋಟಾರು ಎಲ್ಲ ಸತ್ಯಮಂಗಲದ ಮೇಲೆ ದಿಂಬಂ ಘಾಟಿ ಹತ್ತಿ ಲಾರಿಯಲ್ಲಿ ಬಂದಿಳಿಯುತ್ತಿದ್ದವು. ಮೇಸ್ತ್ರಿಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಕನ್ನಡ, ಒಂದು ಪುಟ ತಮಿಳು.

ಅವರ ಬಳಿ ಒಂದೇ ಒಂದು ಕಟ್ಟಳೆ ಇತ್ತು: ಸಕ್ಷನ್ನು ಇಪ್ಪತ್ತು ಅಡಿ ದಾಟಬಾರದು. ನೀರಿನ ಮಟ್ಟದಿಂದ ಪಂಪಿನ ನಡುವಿನವರೆಗೆ ನೇರ ಎತ್ತರ ಇಪ್ಪತ್ತು ಅಡಿ, ಅಷ್ಟೆ. ಅದೂ ಕಡುಬೇಸಿಗೆಯ ನೀರಿನ ಮಟ್ಟದಿಂದ. ಯಾಕೆ ಅಂತ ಕೇಳಿದರೆ ‘ಪಂಪು ನೀರ ಎಳೆಯಲ್ಲ ಕಣೋ ಮಗ, ಗಾಳಿ ತಳ್ತದೆ’ ಅನ್ನುತ್ತಿದ್ದರು. ಮೊದಮೊದಲು ಇದು ಒಗಟಿನಂತೆ ಕೇಳಿಸಿತು. ಎಳೆಯುವುದು ಪಂಪಲ್ಲದೆ ಮತ್ತೇನು?

ಅರ್ಥವಾದದ್ದು ಆಮೇಲೆ, ಓದಿ. ಪಂಪಿನೊಳಗೆ ಇಂಪೆಲ್ಲರ್ ತಿರುಗಿ ನೀರನ್ನು ಹೊರಗೆ ಬೀಸಿದಾಗ ಅದರ ಕಣ್ಣಿನ ಬಳಿ ಒತ್ತಡ ಇಳಿಯುತ್ತದೆ. ಆಗ ಬಾವಿಯ ನೀರಿನ ಮೇಲೆ ಕೂತಿರುವ ಗಾಳಿಯ ಭಾರವೇ ನೀರನ್ನು ಪೈಪಿನೊಳಗೆ ಮೇಲಕ್ಕೆ ದಬ್ಬುತ್ತದೆ. ಆ ಭಾರಕ್ಕೆ ಮಿತಿಯಿದೆ. ಸಮುದ್ರ ಮಟ್ಟದಲ್ಲಿ ಅದು ಎತ್ತಬಲ್ಲದ್ದು ಹೆಚ್ಚೆಂದರೆ 10.3 ಮೀಟರ್ ನೀರು, ಅಂದರೆ 34 ಅಡಿ. ಇಟಲಿಯ ಬಾವಿ ತೋಡುವವರಿಗೆ, ಪಂಪು ಕಟ್ಟುವವರಿಗೆ ಇದು ಕೆಲಸದಿಂದಲೇ ಗೊತ್ತಿತ್ತು. ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಅದನ್ನು ಬರೆದ, ಆದರೆ ಕಾರಣ ಹಿಡಿಯಲಿಲ್ಲ. ನೀರಿನ ಕಂಬ ತನ್ನ ಭಾರಕ್ಕೇ ಹರಿದುಹೋಗುತ್ತದೆ ಎಂದುಕೊಂಡ. ಗಾಳಿಯ ಭಾರ ಎಂದು ಹೇಳಿದವನು ಅವನ ಶಿಷ್ಯ ಟೊರಿಸೆಲ್ಲಿ, 1643ರಲ್ಲಿ, ಪಾದರಸದ ಕೊಳವೆ ಇಟ್ಟುಕೊಂಡು. ನಮ್ಮ ಮೇಸ್ತ್ರಿ ಗೆಲಿಲಿಯೋನ ಹೆಸರು ಕೇಳಿದವರಲ್ಲ, ಆದರೆ ಈ ವಿಷಯದಲ್ಲಿ ಗೆಲಿಲಿಯೋಗಿಂತ ಸರಿಯಾಗಿದ್ದರು.

ಮೂವತ್ತನಾಲ್ಕು ಎಲ್ಲಿ, ಇಪ್ಪತ್ತು ಎಲ್ಲಿ? ಕೊಳ್ಳೇಗಾಲ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಇಲ್ಲಿ ಗಾಳಿ ತೆಳು, ಹಾಗಾಗಿ 34 ಅಡಿ ಮೂವತ್ತೊಂದೂವರೆಗೆ ಇಳಿಯುತ್ತದೆ. ಪೈಪಿನ ತಳದ ಫುಟ್‌ವಾಲ್, ಬೆಂಡು, ಪೈಪಿನ ಉಜ್ಜಾಟಕ್ಕೆ ಮೂರು ನಾಲ್ಕು ಅಡಿ ಹೋಯಿತು. ಬೇಸಿಗೆಯ ಬೆಚ್ಚನೆ ನೀರು ಆವಿಯಾಗಲು ಹವಣಿಸುವುದಕ್ಕೆ ಒಂದೂವರೆ ಅಡಿ. ಇಂಪೆಲ್ಲರ್ ಕೆಡದೆ ಕೆಲಸ ಮಾಡಲು ಅದರ ಬಾಯಲ್ಲಿ ಏಳೆಂಟು ಅಡಿಯಷ್ಟು ಒತ್ತಡ ಉಳಿದಿರಲೇಬೇಕು. ಕಳೆದು ನೋಡಿ, ಇಪ್ಪತ್ತರ ಆಸುಪಾಸಿಗೇ ಬಂದು ನಿಲ್ಲುತ್ತದೆ. ಬಿಳಿಗಿರಿರಂಗನ ಬೆಟ್ಟದ ಮೇಲಿನ ಕಾಫಿ ತೋಟಗಳಲ್ಲಿ, 1500 ಮೀಟರ್ ಎತ್ತರದಲ್ಲಾದರೆ ಗಾಳಿಯ ಪೂರ್ತಿ ಬಲವೇ 28 ಅಡಿ. ಬಯಲಲ್ಲಿ ಚೆನ್ನಾಗಿ ಓಡುತ್ತಿದ್ದ ಪಂಪನ್ನು ಬೆಟ್ಟಕ್ಕೆ ಹೊತ್ತೊಯ್ದು ‘ನೀರೇ ಎತ್ತಲ್ಲ’ ಎಂದು ವಾಪಸು ತಂದವರನ್ನು ನಾನು ಕಂಡಿದ್ದೇನೆ. ಪಂಪಿನಲ್ಲಿ ಏನೂ ಕೆಟ್ಟಿರುತ್ತಿರಲಿಲ್ಲ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಈ ಮಿತಿಯನ್ನು ದುಡ್ಡು ಕೊಟ್ಟು ದಾಟಲು ಬರುವುದಿಲ್ಲ. ಮೂರು ಎಚ್‌ಪಿ ತೆಗೆದು ಹತ್ತು ಎಚ್‌ಪಿ ಕೂರಿಸಿದರೂ ಬಾವಿಯ ಮೇಲಿನ ಗಾಳಿಯ ಭಾರ ಹೆಚ್ಚಾಗುವುದಿಲ್ಲ. ದೊಡ್ಡ ಪಂಪು ಹೆಚ್ಚು ನೀರು ಬೇಡುತ್ತದೆ, ಪೈಪಿನಲ್ಲಿ ಉಜ್ಜಾಟ ಹೆಚ್ಚುತ್ತದೆ, ಸಕ್ಷನ್ನು ಇನ್ನೂ ಕೆಡುತ್ತದೆ. ಇದನ್ನು ರೈತರಿಗೆ ಒಪ್ಪಿಸುವುದರಲ್ಲೇ ನಮ್ಮ ಅರ್ಧ ಆಯಸ್ಸು ಹೋಯಿತು.

ಯಳಂದೂರು ಕಡೆಯ ತೆರೆದ ಬಾವಿಗಳಲ್ಲಿ ಇದು ಪ್ರತಿ ಬೇಸಿಗೆಯ ಕತೆ. ಸುವರ್ಣಾವತಿ ಹೊಳೆ ಹರಿಯುವ ವರ್ಷ ಬಾವಿಗಳಲ್ಲಿ ನೀರು ಮೇಲೇ ಇರುತ್ತಿತ್ತು; ದಡದ ಮೇಲೆ ಪಂಪ್‌ಹೌಸು ಕಟ್ಟಿ ಕೂರಿಸಿದರೆ ಸಾಕು. ಮಾರ್ಚ್ ಕಳೆಯುತ್ತಿದ್ದಂತೆ ನೀರು ಇಳಿಯಲು ಶುರು. ಬಾವಿಯಲ್ಲಿ ನೀರು ಕಣ್ಣಿಗೆ ಕಾಣುತ್ತದೆ, ಪಂಪು ಓಡುತ್ತದೆ, ಬಾಯಲ್ಲಿ ನೀರು ಮಾತ್ರ ಬೆರಳು ಗಾತ್ರ. ಹತ್ತಿರ ಹೋದರೆ ಪಂಪಿನೊಳಗಿಂದ ಜಲ್ಲಿಕಲ್ಲು ಉರುಳಿಸಿದಂಥ ಸದ್ದು. ಅದು ಕಲ್ಲಲ್ಲ. ಒತ್ತಡ ತೀರಾ ಇಳಿದಾಗ ನೀರು ತಣ್ಣಗಿರುವಾಗಲೇ ಕುದಿದು ಗುಳ್ಳೆಯಾಗುತ್ತದೆ. ಆ ಗುಳ್ಳೆಗಳು ಇಂಪೆಲ್ಲರಿನ ಅಂಚಿಗೆ ಹೋಗಿ ಅಲ್ಲಿನ ಒತ್ತಡಕ್ಕೆ ಒಡೆಯುತ್ತವೆ. ಒಂದೊಂದು ಗುಳ್ಳೆಯ ಪೆಟ್ಟೂ ಲೋಹದ ಚೂರನ್ನು ಕಿತ್ತುಕೊಳ್ಳುತ್ತದೆ. ಬೇಸಿಗೆ ಮುಗಿದ ಮೇಲೆ ಬಿಚ್ಚಿದರೆ ಎರಕದ ಇಂಪೆಲ್ಲರಿನ ರೆಕ್ಕೆಗಳ ಮೇಲೆ ಬೆರಳ ತುದಿ ಕೂರುವಷ್ಟು ಗುಳಿಗಳು, ಕೆಲವು ಆರಪಾರ ತೂತು.

ಇದಕ್ಕೆ ಮದ್ದು ಒಂದೇ, ಪಂಪನ್ನೇ ಕೆಳಕ್ಕೆ ಇಳಿಸಬೇಕು. ಬಾವಿಯ ಗೋಡೆಯಲ್ಲಿ ಕಲ್ಲು ಕಡಿದು, ಎರಡು ತೊಲೆ ಹಾಸಿ, ಕಟ್ಟೆ ಮಾಡಿ ಅಲ್ಲಿ ಕೂರಿಸುವುದು. ನೀರಿಗೆ ಹತ್ತಿರವಾಯಿತು, ಇನ್ನು ದಬ್ಬುವ ಕೆಲಸವೆಲ್ಲ ಮೇಲ್ಗಡೆಗೆ. ಮೋಟಾರಾದರೆ ಇದು ನಡೆಯುತ್ತದೆ. ಕರೆಂಟು ಕೈಕೊಟ್ಟ ವರ್ಷಗಳಲ್ಲಿ ಕೆಲವರು ಡೀಸೆಲ್ ಇಂಜಿನ್ನನ್ನೇ ಬಾವಿಯೊಳಗೆ ಇಳಿಸುತ್ತಿದ್ದರು. ಇಂಜಿನ್ನಿನ ಹೊಗೆಯಲ್ಲಿರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಬಾವಿಯ ತಳದಿಂದ ಅದು ಬೇಗ ಹೊರಬೀಳುವುದಿಲ್ಲ. ಇಂಜಿನ್ ನಿಲ್ಲಿಸಲು ಇಳಿದವನನ್ನು ಎತ್ತಲು ಹೋದ ಎರಡನೆಯವನೂ ಮೇಲೆ ಬಾರದ ಸುದ್ದಿ ನಾಡಿನ ಯಾವುದೋ ಮೂಲೆಯಿಂದ ಈಗಲೂ ಪತ್ರಿಕೆಗಳಲ್ಲಿ ಬರುತ್ತದೆ. ಮೇಸ್ತ್ರಿ ಬಾವಿಗೆ ಇಳಿಸಲು ಇಂಜಿನ್ ಕೇಳಿದವರನ್ನು ಅಂಗಡಿಯಿಂದ ಎಬ್ಬಿಸಿ ಕಳಿಸುತ್ತಿದ್ದರು. ಅದೊಂದು ವಿಷಯದಲ್ಲಿ ಟೀ ಕೂಡ ಇಲ್ಲ.

ಪ್ರೈಮಿಂಗ್ ಮಾಡುವುದನ್ನು ನೋಡಬೇಕಿತ್ತು. ಪಂಪಿನಲ್ಲಿ, ಸಕ್ಷನ್ ಪೈಪಿನಲ್ಲಿ ನೀರು ತುಂಬದೆ ಮೋಟಾರು ಹಾಕಿದರೆ ಅದು ಗಾಳಿಯನ್ನು ಬೀಸುತ್ತಾ ಸುಮ್ಮನೆ ಸುತ್ತುತ್ತದೆ. ಹಾಗಾಗಿ ಬಿಂದಿಗೆ ಬಿಂದಿಗೆ ನೀರು ಸುರಿಯಬೇಕು. ಫುಟ್‌ವಾಲಿನ ಚರ್ಮದ ವಾಷರ್ ಸವೆದಿದ್ದರೆ ಸುರಿದ ನೀರೆಲ್ಲ ಬಾವಿಗೇ. ಆಗ ಮನೆಯ ಹೆಂಗಸರು ಹಸಿ ಸಗಣಿಯನ್ನು ನೀರಲ್ಲಿ ಕದಡಿ ತರುತ್ತಿದ್ದರು. ಅದನ್ನು ಸುರಿದರೆ ಸಗಣಿಯ ನಾರು ಹೋಗಿ ವಾಷರಿನ ಸಂದಿಯಲ್ಲಿ ಕೂತು ನೀರು ನಿಲ್ಲುತ್ತಿತ್ತು. ಕೊಯಮತ್ತೂರಿನಿಂದ ಬರುತ್ತಿದ್ದ ಯಾವುದೇ ಬಿಡಿಭಾಗದಷ್ಟೇ ಇದು ನಂಬಿಕೆಗೆ ಯೋಗ್ಯ. ನೀರು ನಿಂತ ಮೇಲೂ ಪಂಪು ‘ಗಾಳಿ ಹಿಡಿದರೆ’ ಸಕ್ಷನ್ ಪೈಪಿನ ಯಾವುದೋ ಕೀಲಿನಲ್ಲಿ ಸೋರಿಕೆ ಇದೆಯೆಂದೇ ಅರ್ಥ. ಡೆಲಿವರಿ ಪೈಪು ಸೋರಿದರೆ ನೀರು ಚಿಮ್ಮಿ ತಾನೇ ಹೇಳುತ್ತದೆ. ಸಕ್ಷನ್ ಪೈಪಿನ ಸೋರಿಕೆಯಲ್ಲಿ ಗಾಳಿ ಒಳಗೆ ಹೋಗುತ್ತದೆಯೇ ಹೊರತು ನೀರು ಹೊರಗೆ ಬರುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಮೇಸ್ತ್ರಿ ಒಂದು ಊದುಬತ್ತಿ ಹಚ್ಚಿ ಕೀಲು ಕೀಲಿಗೂ ಹಿಡಿಯುತ್ತಾ ಬರುತ್ತಿದ್ದರು. ಹೊಗೆ ಎಲ್ಲಿ ಒಳಕ್ಕೆ ತಿರುಗಿತೋ ಅಲ್ಲಿ ಸೈಕಲ್ ಟ್ಯೂಬು ಬಿಗಿದು ಸುತ್ತುವುದು. ನೋಡುತ್ತಾ ನಿಂತ ಮುದುಕರು ಪೂಜೆ ಅಂದುಕೊಂಡು ಕೈ ಮುಗಿದದ್ದೂ ಉಂಟು.

ಹೊಳೆದಂಡೆಯವರ ಕಷ್ಟ ಬೇರೆ. ದಾಸನಪುರ, ಮುಳ್ಳೂರು, ಹಂಪಾಪುರದ ಕಡೆ ಕಾವೇರಿಯಿಂದಲೇ ನೀರೆತ್ತುವ ಜಮೀನುಗಳಿವೆ. ಬೇಸಿಗೆಯ ಹೊಳೆಗೂ ಮಳೆಗಾಲದ ಹೊಳೆಗೂ ನಡುವೆ ಎಷ್ಟೋ ಅಡಿ ವ್ಯತ್ಯಾಸ. ಇಪ್ಪತ್ತು ಅಡಿಯ ಕಟ್ಟಳೆ ಪಂಪನ್ನು ಕೆಳಗೆ ಕೂರಿಸು ಅನ್ನುತ್ತದೆ, ಪ್ರವಾಹ ಮೇಲೆ ಕೂರಿಸು ಅನ್ನುತ್ತದೆ. ಎರಡನ್ನೂ ಒಪ್ಪಿಸುವ ಜಾಗವೇ ಅಲ್ಲಿಲ್ಲ. ಹಾಗಾಗಿ ಮರದ ಚೌಕಟ್ಟಿನ ಮೇಲೆ ಪಂಪು ಬಿಗಿದು, ಹೊಳೆ ಇಳಿದಂತೆ ಇಳಿಸುತ್ತಾ ಏರಿದಂತೆ ಏರಿಸುತ್ತಾ ಇರಬೇಕು. ‘ಕಬಿನಿಯಿಂದ ನೀರು ಬಿಟ್ಟವ್ರಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಮೊದಲು ಎತ್ತುವುದು ದನಕರು, ಆಮೇಲೆ ಮೋಟಾರು. 2018ರ ಆಗಸ್ಟಿನಲ್ಲಿ, ಮರುವರ್ಷ ಅದೇ ತಿಂಗಳಲ್ಲಿ ಹೊಳೆ ಊರುಗಳಿಗೇ ನುಗ್ಗಿತು. ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಕಲ್ಲುಕಂಬಗಳೇ ನಿಲ್ಲಲಾರದೆ ಹೋದ ನೀರಿನೆದುರು ಮರದ ಚೌಕಟ್ಟು ಯಾವ ಲೆಕ್ಕ.

ಹನೂರಿನ ಕಡೆ ಹೋದರೆ ಈ ಸಕ್ಷನ್ ಪುರಾಣವೇ ಮುಗಿಯಿತು. ಲೊಕ್ಕನಹಳ್ಳಿ, ರಾಮಾಪುರ, ಕೌದಳ್ಳಿ ಎಲ್ಲ ಒಣಭೂಮಿ. ಅಲ್ಲಿ ನೀರು ಇಪ್ಪತ್ತು ಅಡಿಯಲ್ಲಿ ಸಿಕ್ಕ ಕಾಲ ನನಗಂತೂ ನೆನಪಿಲ್ಲ. ಊರಿನ ಕೈಪಂಪು, ಜನ ‘ಬೋರಿಂಗು’ ಅನ್ನುವ ಇಂಡಿಯಾ ಮಾರ್ಕ್ 2, ಆ ಕಾರಣಕ್ಕೇ ತನ್ನ ಸಿಲಿಂಡರನ್ನು ಮೇಲಿಟ್ಟುಕೊಳ್ಳದೆ ನೆಲದೊಳಗೆ ನೀರಿನಲ್ಲೇ ಮುಳುಗಿಸಿಕೊಂಡಿದೆ. ಮೇಲೆ ಕಾಣುವುದು ಹಿಡಿ ಮಾತ್ರ. ಹೊಲಕ್ಕೆ ಮೊದಲು ಜೆಟ್ ಪಂಪು ಬಂತು, ಎರಡು ಪೈಪಿನದು, ಒಂದರಲ್ಲಿ ನೀರನ್ನೇ ಕೆಳಕ್ಕೆ ದಬ್ಬಿ ಇನ್ನೊಂದರಲ್ಲಿ ಎತ್ತುವಂಥದ್ದು. ಆಮೇಲೆ ಕಂಪ್ರೆಸರು. ಕೊನೆಗೆ ಸಬ್‌ಮರ್ಸಿಬಲ್. ಮೋಟಾರು, ಪಂಪು ಎರಡೂ ನೀರೊಳಗೆ ಇಳಿದ ಮೇಲೆ ಸಕ್ಷನ್ನಿನ ಎತ್ತರ ಎಂಬುದೇ ಇಲ್ಲ. ಆರೂವರೆ ಇಂಚಿನ ತೂತಿನಲ್ಲಿ ಎಷ್ಟು ಆಳಕ್ಕಾದರೂ ಇಳಿಸಿ.

ಆದರೆ ಗಾಳಿಯ ಮಿತಿ ತಪ್ಪಿಸಿಕೊಂಡವರು ಪೈಪಿನ ಮಿತಿಗೆ ಸಿಕ್ಕಿಬಿದ್ದರು. ಲೆಕ್ಕ ಸುಲಭ: ಪ್ರತಿ ಹತ್ತು ಮೀಟರ್ ನೀರಿನ ಕಂಬ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತುತ್ತದೆ. ಸಾವಿರ ಅಡಿ ಅಂದರೆ 305 ಮೀಟರ್. ಪೈಪಿನ ತಳದಲ್ಲಿ ಮೂವತ್ತು ಕೆ.ಜಿ. ಒತ್ತಡ. ಹೊಲದಲ್ಲಿ ಹಾಸುವ ಪಿವಿಸಿ ಪೈಪಿನ ಮೇಲೆ 4 ಕೆ.ಜಿ., 6 ಕೆ.ಜಿ., 10 ಕೆ.ಜಿ. ಎಂದು ಬರೆದಿರುವುದು ಇದೇ ಒತ್ತಡವನ್ನೇ. ರೈತರು ಅಂಗಡಿಯಲ್ಲಿ ‘ನಾಲ್ಕು ಕೆ.ಜಿ. ಪೈಪು’ ಎಂದು ಕೇಳುತ್ತಾರೆ, ಹಲವರು ಅದನ್ನು ಪೈಪಿನ ತೂಕವೆಂದೇ ತಿಳಿದಿದ್ದಾರೆ. ಬೋರಿಗೆ ಇಳಿಸಲು ಜಿಐ ಪೈಪು ಬೇಕು, ಇಲ್ಲವೇ ಅದಕ್ಕೆಂದೇ ಮಾಡಿದ ದಪ್ಪ ಗೋಡೆಯ ಕಾಲಮ್ ಪೈಪು. ಇಪ್ಪತ್ತು ಅಡಿಯ ಜಿಐ ಪೈಪು ಐವತ್ತು ಸೇರಿದರೆ ಎರಡು ಇಂಚಿನದಾದರೂ ಪೈಪೇ ಒಂದೂವರೆ ಟನ್, ಜೊತೆಗೆ ಒಳಗಿನ ನೀರು. ಅದಷ್ಟೂ ಮೇಲಿನ ಒಂದು ಕ್ಲಾಂಪಿನಲ್ಲಿ ತೂಗುತ್ತದೆ. ಪಂಪು ಎತ್ತುವ ದಿನ ಆ ಕ್ಲಾಂಪಿನ ಬೋಲ್ಟು ಬಿಗಿಯುವ ಹುಡುಗನ ಮುಖ ನೋಡಿದವರಿಗೆ ಈ ತೂಕ ಗೊತ್ತಾಗುತ್ತದೆ. ಹನೂರಿನ ರೈತರು ಎಚ್‌ಪಿ ಜೊತೆಗೆ ಸ್ಟೇಜನ್ನೂ ಕೇಳುತ್ತಾರೆ; ಒಂದರ ಮೇಲೊಂದು ಪೇರಿಸಿದ ಇಂಪೆಲ್ಲರುಗಳಲ್ಲಿ ಪ್ರತಿಯೊಂದೂ ಇನ್ನಷ್ಟು ಅಡಿ ಎತ್ತುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಈ ವಿಷಯದಲ್ಲಿ ಒಣಭೂಮಿಯವರು ನೀರಾವರಿಯವರಿಗಿಂತ ಜಾಣರು.

ಪೈಪು ಒಡೆಯುವುದು ಮಾತ್ರ ಸಾಮಾನ್ಯವಾಗಿ ಪಂಪು ಓಡುವಾಗ ಅಲ್ಲ, ನಿಂತಾಗ. ರಾತ್ರಿ ಮೂರು ಫೇಸ್ ಕರೆಂಟು ಬರುತ್ತದೆ, ಆಟೋ ಸ್ಟಾರ್ಟರ್ ತಾನೇ ಮೋಟಾರು ಹಾಕುತ್ತದೆ, ಗುಡ್ಡದ ಮೇಲಿನ ತೊಟ್ಟಿಗೆ ನೀರು ಏರುತ್ತಿರುವಾಗ ಕರೆಂಟು ಹೋಗುತ್ತದೆ. ಏರುತ್ತಿದ್ದ ನೀರಿನ ಕಂಬ ನಿಂತು ಹಿಂದಕ್ಕೆ ಓಡಿಬಂದು ಮುಚ್ಚಿದ ವಾಲ್ವಿಗೆ ಗುದ್ದುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದ ನೀರು ಗಕ್ಕನೆ ನಿಂತರೆ ಪಿವಿಸಿಯಲ್ಲೇ ಐದಾರು ಕೆ.ಜಿ. ಒತ್ತಡ ಇದ್ದದ್ದರ ಮೇಲೆ ಬೀಳುತ್ತದೆ. ಕಬ್ಬಿಣದ ಪೈಪಿನಲ್ಲಿ ಅದರ ಎರಡು ಮೂರು ಪಟ್ಟು. ಆರು ಕೆ.ಜಿ. ಪೈಪಿನಲ್ಲಿ ಮೊದಲೇ ಐದು ಕೆ.ಜಿ. ಇದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪೈಪು ಉದ್ದಕ್ಕೆ ಸೀಳಿದೆ, ಜೋಳದ ಹೊಲ ಕೆಸರು. ಕಾಡಂಚಿನ ಊರುಗಳಲ್ಲಿ ರಾತ್ರಿ ಎದ್ದು ಹೋಗಿ ನೋಡುವ ಹಾಗೂ ಇಲ್ಲ, ಆನೆ ಇರುತ್ತದೆ. ಬೆಳಿಗ್ಗೆ ಒಡೆದ ಪೈಪು ಕಂಡಾಗ ಅದು ಆನೆ ತುಳಿದದ್ದೋ ನೀರು ಗುದ್ದಿದ್ದೋ ಎಂಬ ಚರ್ಚೆ ನಮ್ಮ ಅಂಗಡಿಯಲ್ಲಿ ಎಷ್ಟೋ ಸಲ ನಡೆದಿದೆ. ಆನೆ ತುಳಿದರೆ ಪೈಪು ಅಪ್ಪಚ್ಚಿಯಾಗಿ ಚೂರಾಗುತ್ತದೆ. ಉದ್ದಕ್ಕೆ ಸೀಳಿದರೆ ಅದು ನೀರಿನ ಕೆಲಸ. ಹೊಸ ಪೈಪು ಕೊಳ್ಳುವ ಮೊದಲು ನೀರು ಹಿಂದಕ್ಕೆ ಬರದಂತೆ ತಡೆಯುವ ಎನ್‌ಆರ್‌ವಿ ವಾಲ್ವ್ ನೋಡಿ, ಅಲ್ಲಲ್ಲಿ ಏರ್ ವಾಲ್ವ್ ಹಾಕಿ ಎಂದರೆ ಕೇಳುವವರು ಕಡಿಮೆ. ಎರಡಕ್ಕೂ ಸೇರಿ ಆಗುವ ಖರ್ಚು ಒಡೆದ ಪೈಪಿನ ಖರ್ಚಿಗಿಂತ ಕಡಿಮೆಯೇ.

ಒತ್ತಡದ ಮಿತಿಯನ್ನು ದೊಡ್ಡವರು ಹೇಗೆ ನಿಭಾಯಿಸುತ್ತಾರೆ ಎಂದು ತೋರಿಸಲು ಮೇಸ್ತ್ರಿ ಒಮ್ಮೆ ನನ್ನನ್ನು ಹೊಳೆಯಾಚೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಕಡೆ ಕರೆದೊಯ್ದಿದ್ದರು. ಬೆಂಗಳೂರಿಗೆ ಕಾವೇರಿ ನೀರು ಹೋಗುವುದು ಅಲ್ಲಿಂದ. ಮೊದಲ ಹಂತ 1974ರಲ್ಲಿ ಶುರುವಾದದ್ದು. ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರ. ಒಂದೇ ಏಟಿಗೆ ಎತ್ತಿದ್ದರೆ ಪೈಪಿನ ಬುಡದಲ್ಲಿ ಐವತ್ತು ಕೆ.ಜಿ.ಗೂ ಮೇಲೆ ಒತ್ತಡ ಬೀಳುತ್ತಿತ್ತು. ಅದಕ್ಕೇ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಇಟ್ಟು ಹಂತ ಹಂತವಾಗಿ ಎತ್ತುತ್ತಾರೆ. ಬೇಲಿಯಾಚೆಯಿಂದ ಪೈಪು ತೋರಿಸಿ ಮೇಸ್ತ್ರಿ ಹೇಳಿದ್ದು ಇಷ್ಟೇ: ‘ನೋಡು, ಸರ್ಕಾರದೋರೂ ಒಂದೇ ಏಟಿಗೆ ಎತ್ತಲ್ಲ. ನಮ್ಮೋರಿಗೆ ಮಾತ್ರ ಒಂದೇ ಮೋಟ್ರಲ್ಲಿ ಮಾದಪ್ಪನ ಬೆಟ್ಟ ಹತ್ಸಬೇಕು.’ ಗುಡ್ಡದ ಹೊಲಗಳಿಗೆ ನಾವು ಆಮೇಲೆ ನಡುವೆ ಒಂದು ತೊಟ್ಟಿ ಕಟ್ಟಿ ಎರಡು ಸಣ್ಣ ಪಂಪು ಹಾಕಿಕೊಟ್ಟದ್ದು ಇದೇ ಲೆಕ್ಕದ ಮೇಲೆ.

ಹೆಚ್ಚು ಹೆಡ್ಡಿನ, ಅಂದರೆ ಹೆಚ್ಚು ಎತ್ತರಕ್ಕೆ ಎತ್ತುವ ಪಂಪು ಇದ್ದರೆ ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಈಗಲೂ ಬರುತ್ತದೆ. ಅಲ್ಲ. ಇನ್ನೂರು ಅಡಿ ಎತ್ತಲು ಮಾಡಿದ ಪಂಪನ್ನು ಐವತ್ತು ಅಡಿಗೆ ಹಾಕಿದರೆ ತಡೆಯೇ ಇಲ್ಲದೆ ಅದು ಮಿತಿಮೀರಿ ನೀರು ಎತ್ತುತ್ತದೆ, ಮೋಟಾರು ಓವರ್‌ಲೋಡ್ ಆಗಿ ಕಾಯಿಲು ಸುಡುತ್ತದೆ. ಪಂಪಿನ ಹೊಟ್ಟೆಯ ಮೇಲೆ ಬಡಿದಿರುವ ತಗಡಿನಲ್ಲಿ ಹೆಡ್ ಇಷ್ಟರಿಂದ ಇಷ್ಟರವರೆಗೆ ಎಂದು ಎರಡು ಅಂಕಿ ಇರುತ್ತವೆ. ಮೇಲಿನದನ್ನು ಎಲ್ಲರೂ ಓದುತ್ತಾರೆ, ಕೆಳಗಿನದನ್ನು ಯಾರೂ ಓದುವುದಿಲ್ಲ. ರಿವೈಂಡಿಂಗ್ ಅಂಗಡಿಗಳು ನಡೆಯುತ್ತಿರುವುದು ಬಹುಪಾಲು ಆ ಕೆಳಗಿನ ಅಂಕಿಯಿಂದ ಎಂಬುದು ನನ್ನ ಅಭಿಪ್ರಾಯ.

ಮೇಸ್ತ್ರಿ ತೀರಿಕೊಂಡು ಬಹಳ ವರ್ಷವಾಯಿತು, ನಾನೂ ಅಂಗಡಿ ಬಿಟ್ಟಿದ್ದೇನೆ. ಆದರೂ ಯಾರಾದರೂ ಫೋನು ಮಾಡಿ ಪಂಪು ಕೆಟ್ಟಿದೆ ಎನ್ನುತ್ತಾರೆ. ಎಷ್ಟು ಆಳದಲ್ಲಿದೆ, ಎಷ್ಟು ಸ್ಟೇಜು, ಬೋರಿನ ಕೇಸಿಂಗ್ ಪೈಪು ಎಲ್ಲಿವರೆಗೆ ಇಳಿದಿದೆ ಎಂದರೆ ‘ಅಪ್ಪನಿಗೆ ಗೊತ್ತಿತ್ತು’ ಎಂಬ ಉತ್ತರ. ಅಪ್ಪ ಇರುವುದಿಲ್ಲ. ಬೋರು ಕೊರೆಸಿದವರಲ್ಲಿ ನನ್ನದೊಂದು ಕೇಳಿಕೆ. ಕೊರೆದ ಅಡಿ, ನೀರು ಸಿಕ್ಕ ಅಡಿ, ಕೇಸಿಂಗ್ ಇಳಿಸಿದ ಅಡಿ, ಪಂಪು ನಿಲ್ಲಿಸಿದ ಅಡಿ, ಸ್ಟೇಜು, ಪೈಪಿನ ಕೆ.ಜಿ., ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಮಳೆ ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಿಡಿ. ಏಪ್ರಿಲ್‌ನಲ್ಲಿ ನೀರಿನ ಮಟ್ಟ ಎಷ್ಟಿತ್ತು ಎಂಬುದನ್ನು ಪ್ರತಿ ವರ್ಷ ಅದರ ಕೆಳಗೆ ಬರೆಯುತ್ತಾ ಹೋಗಿ. ಮುಂದೆ ರಿಪೇರಿಗೆ ಬರುವ ಹುಡುಗ ನಿಮ್ಮ ದುಡ್ಡು ಉಳಿಸಲು ಅಷ್ಟು ಸಾಕು.